ಪಿಯಾನೋ ಕಾರ್ಖಾನೆಯ ಹುಡುಗ ಮತ್ತು ಧೂಮಕೇತು

ನಮ್ಮ ಆಡುಮಾತಿನಲ್ಲಿ ಧೂಮಕೇತು ಎಂಬುದು ಒಂದು ಬೈಗುಳ. ಮನೆ ಮುರಿಯುವವನನ್ನು, ಊರಿಗೆ ಕೇಡು ತರುವವನನ್ನು ಹಾಗೆ ಕರೆಯುವುದುಂಟು. ಬಾಲವಿರುವ ಚುಕ್ಕಿ ಕಾಣಿಸಿಕೊಂಡರೆ ರಾಜ ಸಾಯುತ್ತಾನೆ, ಬರ ಬರುತ್ತದೆ, ಯುದ್ಧವಾಗುತ್ತದೆ ಎಂಬ ಭಯ ಜಗತ್ತಿನ ಅನೇಕ ಸಮಾಜಗಳಲ್ಲಿ ಶತಮಾನಗಳ ಕಾಲ ಬೇರೂರಿತ್ತು. ಆದರೆ ಕುಂದಿಹೋಗಿದ್ದ ತನ್ನ ಮನೆತನದ ಹೆಸರನ್ನು ಧೂಮಕೇತುವೊಂದರ ಮೂಲಕವೇ ಎತ್ತಿ ನಿಲ್ಲಿಸಬೇಕೆಂದು ಹೊರಟ ಹುಡುಗನೊಬ್ಬ ಜಪಾನಿನಲ್ಲಿದ್ದ. ಅವನ ಹೆಸರು ಕಾವೋರು ಇಕೆಯಾ.

1943ರಲ್ಲಿ ಹುಟ್ಟಿದ ಇಕೆಯಾ ಇನ್ನೂ ಬಾಲಕನಾಗಿರುವಾಗಲೇ ತಂದೆಯ ವ್ಯಾಪಾರ ಮುಳುಗಿತು. ಕುಟುಂಬ ಕಷ್ಟಕ್ಕೆ ಬಿತ್ತು. ಮನೆಯ ಭಾರಕ್ಕೆ ಹೆಗಲು ಕೊಡಲು ಹುಡುಗ ಹಮಾಮತ್ಸು ಪಟ್ಟಣದ ಪಿಯಾನೋ ಕಾರ್ಖಾನೆಯೊಂದರಲ್ಲಿ ಕೂಲಿ ಕೆಲಸಕ್ಕೆ ಸೇರಿದ. ಆಕಾಶ ನೋಡುವ ಹುಚ್ಚಿತ್ತು, ದೂರದರ್ಶಕ ಕೊಳ್ಳಲು ಹಣವಿರಲಿಲ್ಲ. ಹಾಗಾಗಿ ಬಿಡುವಿನ ವೇಳೆಯಲ್ಲಿ ಕನ್ನಡಿಯನ್ನು ತಾನೇ ಉಜ್ಜಿ ನಯಗೊಳಿಸಿ, ಅಗ್ಗದ ಸಾಮಗ್ರಿಗಳಿಂದ ದೂರದರ್ಶಕವೊಂದನ್ನು ಕಟ್ಟಿಕೊಂಡ.

ಖಗೋಳ ವಿಜ್ಞಾನದಲ್ಲಿ ಒಂದು ಹಳೆಯ ಸಂಪ್ರದಾಯವಿದೆ. ಹೊಸ ಧೂಮಕೇತುವನ್ನು ಯಾರು ಮೊದಲು ಕಂಡು ವರದಿ ಮಾಡುತ್ತಾರೋ ಅದಕ್ಕೆ ಅವರದೇ ಹೆಸರು. ಪದವಿ ಎಷ್ಟು, ಸಂಬಳ ಎಷ್ಟು, ಯಾರ ಮಗ ಎಂದು ಅಲ್ಲಿ ಕೇಳುವುದಿಲ್ಲ. ಹುಡುಗನ ಆಸೆ ಚಿಗುರಿದ್ದು ಇಲ್ಲಿಯೇ. 1963ರ ಜನವರಿಯ ಆರಂಭದಲ್ಲಿ, ತನ್ನ 19ನೇ ವಯಸ್ಸಿನಲ್ಲಿ, ಅವನು ಮೊದಲ ಧೂಮಕೇತುವನ್ನು ಕಂಡುಹಿಡಿದ. ಇಕೆಯಾ ಎಂಬ ಹೆಸರು ಜಗತ್ತಿನ ವೀಕ್ಷಣಾಲಯಗಳ ದಾಖಲೆಗಳಲ್ಲಿ ಬರೆಯಲ್ಪಟ್ಟಿತು.

ಅವನಿರುವಲ್ಲಿಂದ ಸುಮಾರು 400 ಕಿ.ಮೀ. ದೂರದ ಕೋಚಿ ಎಂಬ ಊರಿನಲ್ಲಿ ತ್ಸುತೊಮು ಸೆಕಿ ಎಂಬ ಗಿಟಾರ್ ಮೇಷ್ಟ್ರಿದ್ದರು. ಹಗಲಲ್ಲಿ ಮಕ್ಕಳಿಗೆ ಸಂಗೀತ ಪಾಠ, ರಾತ್ರಿಯಲ್ಲಿ ಆಕಾಶ. 1950ರಿಂದ ಹುಡುಕುತ್ತಿದ್ದ ಅವರಿಗೆ ಮೊದಲ ಧೂಮಕೇತು ಸಿಕ್ಕಿದ್ದು 1961ರಲ್ಲಿ. ಹನ್ನೊಂದು ವರ್ಷ ಬರಿಗೈಯಲ್ಲಿ ಮನೆಗೆ ಮರಳಿದ ಮನುಷ್ಯ ಮರುದಿನ ಮತ್ತೆ ಎದ್ದು ಹೋಗುತ್ತಿದ್ದುದು ಯಾವ ಬಲದಿಂದ ಎಂದು ಆಶ್ಚರ್ಯವಾಗುತ್ತದೆ.

ಇಂಥವರಿಗೆ ಒಲಿಯುವ ಹೊತ್ತು ನಸುಕು ಮತ್ತು ಮುಸ್ಸಂಜೆ. ಅದಕ್ಕೆ ಕಾರಣವಿದೆ. ಧೂಮಕೇತುವೆಂದರೆ ಹಿಮ ಮತ್ತು ಧೂಳಿನ ಗಟ್ಟಿ. ಸೂರ್ಯನನ್ನು ಸಮೀಪಿಸಿದಾಗ ಮಾತ್ರ ಅದು ಕಾದು, ಆವಿ ಮತ್ತು ಧೂಳನ್ನು ಉಗುಳಿ, ಬಾಲ ಬೆಳೆಸಿ ಹೊಳೆಯುತ್ತದೆ. ಸೂರ್ಯನ ಹತ್ತಿರವಿರುವುದರಿಂದ ಅದು ಕಾಣುವುದು ಸೂರ್ಯೋದಯಕ್ಕೆ ಸ್ವಲ್ಪ ಮೊದಲು ಇಲ್ಲವೇ ಸೂರ್ಯಾಸ್ತದ ಸ್ವಲ್ಪ ಹೊತ್ತಿನ ನಂತರ, ಅದೂ ದಿಗಂತದ ಅಂಚಿನಲ್ಲಿ. ದೊಡ್ಡ ವೀಕ್ಷಣಾಲಯಗಳು ಬಯಸುವುದು ಗಾಢ ಕತ್ತಲನ್ನು. ಅವುಗಳ ಭಾರೀ ದೂರದರ್ಶಕಗಳು ಒಮ್ಮೆಗೆ ಆಕಾಶದ ಸಣ್ಣ ತುಣುಕನ್ನಷ್ಟೇ ನೋಡಬಲ್ಲವು. ಮಬ್ಬು ಬೆಳಕಿನ ಆ ಅರ್ಧ ಗಂಟೆ ಹೀಗೆ ಹವ್ಯಾಸಿಗಳ ಪಾಲಿಗೆ ಉಳಿಯಿತು.

1965ರ ಸೆಪ್ಟೆಂಬರ್ 19ರ ನಸುಕಿನಲ್ಲಿ ಜಪಾನಿನ ಮೇಲೆ ಚಂಡಮಾರುತವೊಂದು ಹಾದುಹೋಗಿ ಆಕಾಶ ತಿಳಿಯಾಗಿತ್ತು. ಕೆಲವೇ ನಿಮಿಷಗಳ ಅಂತರದಲ್ಲಿ ಹುಡುಗನೂ ಮೇಷ್ಟ್ರೂ, ಒಬ್ಬರಿಗೊಬ್ಬರು ತಿಳಿಯದೆ, ಒಂದೇ ಮಸುಕು ಬೆಳಕನ್ನು ಗುರುತಿಸಿದರು. ಇಬ್ಬರೂ ಟೋಕಿಯೊ ವೀಕ್ಷಣಾಲಯಕ್ಕೆ ತಂತಿ ಕಳುಹಿಸಿದರು. ಅದಕ್ಕೆ ಇಕೆಯಾ-ಸೆಕಿ ಎಂದು ಹೆಸರಾಯಿತು.

ವಿಜ್ಞಾನಿಗಳು ಅದರ ಪಥವನ್ನು ಲೆಕ್ಕಹಾಕಿದಾಗ ಬೆರಗಾದರು. ಅದು ಸೂರ್ಯನನ್ನು ಉಜ್ಜಿಕೊಂಡೇ ಹೋಗುವಂತಿತ್ತು. ಅಕ್ಟೋಬರ್ 21ರಂದು ಸೂರ್ಯನ ಮೇಲ್ಮೈಯಿಂದ ಕೇವಲ ನಾಲ್ಕೂವರೆ ಲಕ್ಷ ಕಿ.ಮೀ. ದೂರದಲ್ಲಿ, ಅಂದರೆ ಹೆಚ್ಚುಕಡಿಮೆ ಭೂಮಿಗೂ ಚಂದ್ರನಿಗೂ ಇರುವಷ್ಟು ಅಂತರದಲ್ಲಿ, ಅದು ಹಾದುಹೋಯಿತು. ಸೂರ್ಯನನ್ನು ಅಂಗೈಯಿಂದ ಮರೆಮಾಡಿದರೆ ಹಾಡಹಗಲಲ್ಲೇ ಪಕ್ಕದಲ್ಲಿ ಧೂಮಕೇತು ಕಾಣುತ್ತಿತ್ತು. ಆ ಕಾವಿಗೆ ಅದರ ತಲೆ ಒಡೆದು ಹೋಳಾಯಿತು. ಆದರೂ ತಿಂಗಳ ಕೊನೆಯಲ್ಲಿ ನಸುಕಿನ ಆಕಾಶದಲ್ಲಿ ಅದರ ಉದ್ದನೆಯ ಬಾಲ ಬರಿಗಣ್ಣಿಗೇ ಎದ್ದು ಕಾಣುತ್ತಿತ್ತು. 20ನೇ ಶತಮಾನದ ಅತ್ಯಂತ ಪ್ರಕಾಶಮಾನ ಧೂಮಕೇತುಗಳಲ್ಲಿ ಅದಕ್ಕೆ ಸ್ಥಾನವಿದೆ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. 1967ರಲ್ಲಿ ಇನ್ನೊಂದು ಧೂಮಕೇತುವನ್ನು ಕಂಡ ನಂತರ ಇಕೆಯಾ ಅವರ ಹೆಸರಿನ ಹೊಸ ಧೂಮಕೇತು 34 ವರ್ಷ ಬರಲಿಲ್ಲ. ಅಷ್ಟರಲ್ಲಿ ಕಂಪ್ಯೂಟರ್ ನಿಯಂತ್ರಿತ ದೂರದರ್ಶಕಗಳು ಆಕಾಶವನ್ನು ಜಾಲಾಡತೊಡಗಿದ್ದವು. ಇನ್ನು ಹವ್ಯಾಸಿಗಳಿಗೆ ಏನುಳಿದಿದೆ ಎಂಬ ಮಾತು ಕೇಳಿಬರುತ್ತಿತ್ತು. 2002ರ ಫೆಬ್ರವರಿ 1ರ ಸಂಜೆ, ಸೂರ್ಯ ಮುಳುಗಿದ ಬಳಿಕ, 58 ವರ್ಷದ ಇಕೆಯಾ ಅವರ ಕಣ್ಣಿಗೆ ಪಶ್ಚಿಮದಲ್ಲಿ ಮತ್ತೊಂದು ಮಸುಕು ಬೆಳಕು ಬಿತ್ತು. ಅದೇ ಸಂಜೆ ಚೀನಾದ ಹವ್ಯಾಸಿ ಝಾಂಗ್ ದಾಚಿಂಗ್ ಕೂಡಾ ಅದನ್ನು ಕಂಡಿದ್ದರು. ಎರಡು ದೇಶಗಳ ಇಬ್ಬರ ಹೆಸರನ್ನು ಆ ಧೂಮಕೇತು ಹೊತ್ತುಕೊಂಡಿತು.

ಹಳೆಯ ದಾಖಲೆಗಳನ್ನು ತೆರೆದಾಗ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಅದು 1661ರ ಫೆಬ್ರವರಿಯಲ್ಲಿ ಬಂದುಹೋಗಿದ್ದ ಧೂಮಕೇತುವೇ ಆಗಿತ್ತು. ಆಗ ಅದನ್ನು ನೋಡಿ ಬರೆದಿಟ್ಟವರು ಡಾನ್ಜಿಗ್ ನಗರದ ಯೊಹಾನೆಸ್ ಹೆವೆಲಿಯಸ್. ಅವರೂ ವೃತ್ತಿಯಿಂದ ಬಿಯರ್ ತಯಾರಿಸುವ ವ್ಯಾಪಾರಿ. ಸ್ವಂತ ಖರ್ಚಿನಲ್ಲಿ ಮನೆಯ ಛಾವಣಿಯ ಮೇಲೆ ವೀಕ್ಷಣಾಲಯ ಕಟ್ಟಿಕೊಂಡಿದ್ದರು. ಮೂರೂವರೆ ಶತಮಾನದ ಹಿಂದೆ ಒಬ್ಬ ವ್ಯಾಪಾರಿ ಶ್ರದ್ಧೆಯಿಂದ ಬರೆದಿಟ್ಟ ಟಿಪ್ಪಣಿಯೊಂದು ಒಬ್ಬ ಕಾರ್ಮಿಕನ ಶೋಧಕ್ಕೆ ಪೂರ್ವಚರಿತ್ರೆಯನ್ನು ಒದಗಿಸಿತು.

ಯಂತ್ರಗಳು ಆಮೇಲೆ ಇನ್ನಷ್ಟು ಚುರುಕಾದವು. ಈಗ ಬಹುಪಾಲು ಧೂಮಕೇತುಗಳಿಗೆ ಅವುಗಳದೇ ಹೆಸರು. ಆದರೂ 2023ರ ಆಗಸ್ಟ್‌ನ ಒಂದು ನಸುಕಿನಲ್ಲಿ, ಸೂರ್ಯನ ಪ್ರಭೆಯ ಮರೆಯಲ್ಲಿ ಯಂತ್ರಗಳ ಕಣ್ಣು ತಪ್ಪಿಸಿಕೊಂಡು ಬಂದಿದ್ದ ಧೂಮಕೇತುವನ್ನು ಹಿದಿಯೊ ನಿಶಿಮುರಾ ಎಂಬ ಜಪಾನಿ ಹವ್ಯಾಸಿ ಡಿಜಿಟಲ್ ಕ್ಯಾಮರಾದಲ್ಲಿ ಹಿಡಿದರು. 2024ರ ಅಕ್ಟೋಬರ್ ಹೊತ್ತಿಗೆ ಇನ್ನೊಂದು ಧೂಮಕೇತು ಬೆಂಗಳೂರಿನ ನಸುಕಿನ ಆಕಾಶದಲ್ಲೂ ಕಾಣಿಸಿಕೊಂಡಾಗ ನಮ್ಮ ಹವ್ಯಾಸಿಗಳೂ ಕ್ಯಾಮರಾ ಹಿಡಿದು ಕಾದಿದ್ದರು.

ಬಡತನ ಮನುಷ್ಯನಿಂದ ಕಸಿಯುವ ಸಂಗತಿಗಳಲ್ಲಿ ಕುತೂಹಲವೂ ಒಂದು. ದುಡಿದು ಬಂದ ದೇಹ ನಿದ್ದೆ ಬಯಸುತ್ತದೆ. ನಕ್ಷತ್ರ ನೋಡಿ ಹೊಟ್ಟೆ ತುಂಬುತ್ತದೆಯೇ ಎಂದು ಮನೆಯವರು ಕೇಳುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ, ಬೀಡಿ ಕಟ್ಟುವ ಮನೆಗಳಲ್ಲಿ, ಮೀನು ಮಾರುಕಟ್ಟೆಗಳಲ್ಲಿ ಇಂಥ ಪ್ರಶ್ನೆ ಕೇಳಿ ಸುಮ್ಮನಾದ ಮಕ್ಕಳೆಷ್ಟೋ! ಅವರಿಗೆ ನಾವು ಕೊಡಬಹುದಾದದ್ದು ದೊಡ್ಡ ದೂರದರ್ಶಕವೇ ಆಗಬೇಕೆಂದಿಲ್ಲ. ಬೆಳಗಿನ ಜಾವ ಎದ್ದು ಅಂಗಳಕ್ಕಿಳಿದ ಮಗುವನ್ನು ಗದರಿಸದೆ, ಏನು ಕಂಡಿತು ಎಂದು ಕೇಳಿದರೂ ಸಾಕು.