ಬ್ಲೂಮನ ಅಳತೆಪಟ್ಟಿ

ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ಕಾದಂಬರಿಯ ನಾಯಕ ಲಿಯೊಪೋಲ್ಡ್ ಬ್ಲೂಮ್ ಪತ್ರಿಕೆಗೆ ಜಾಹೀರಾತು ಹಿಡಿದುತರುವ ಮಧ್ಯವಯಸ್ಕ. 1904ರ ಜೂನ್ 16ರಂದು ಡಬ್ಲಿನ್ನಿನ ಬೀದಿಯಲ್ಲಿ ನಡೆಯುತ್ತ, ಬಿಟ್ಟುಹೋದ ಸ್ಯಾಂಡೋ ವ್ಯಾಯಾಮವನ್ನು ಮತ್ತೆ ಶುರುಮಾಡಬೇಕು ಎಂದುಕೊಳ್ಳುತ್ತಾನೆ. ಅವನ ಮನೆಯ ಕಪಾಟಿನಲ್ಲಿ ಸ್ಯಾಂಡೋನ ಪುಸ್ತಕವಿದೆ. ಖಾನೆಯೊಳಗೆ ಒಂದು ಅಳತೆಪಟ್ಟಿ. ಎರಡು ತಿಂಗಳು ಬಿಡದೆ ರಾಟೆಯ ಹಗ್ಗ ಎಳೆದು ಎದೆಯ ಸುತ್ತಳತೆ 28 ಇಂಚಿನಿಂದ 29½ಕ್ಕೆ ಏರಿದೆ. ಪಟ್ಟಿ ಅಲ್ಲಿಗೆ ನಿಲ್ಲುತ್ತದೆ.

ಇದು ಕೇವಲ ತಮಾಷೆಯಲ್ಲ. ಯೂಜೆನ್ ಸ್ಯಾಂಡೋ (1867–1925) ಪ್ರಶ್ಯಾದಲ್ಲಿ ಹುಟ್ಟಿ, ರಂಗದ ಮೇಲೆ ಭಾರ ಎತ್ತಿ ಹೆಸರು ಮಾಡಿದವನು. 1897ರಲ್ಲಿ ಲಂಡನ್ನಿನಲ್ಲಿ ವ್ಯಾಯಾಮ ಸಂಸ್ಥೆ ತೆರೆದಾಗ ಅವನು ಕಣ್ಣಿಟ್ಟಿದ್ದು ಪೈಲ್ವಾನರ ಮೇಲಲ್ಲ. ದಿನವಿಡೀ ಕುರ್ಚಿಯಲ್ಲಿ ಕೂತು ಬೆನ್ನು ಬಾಗಿಸಿಕೊಂಡವರ ಮೇಲೆ. ಅಂಥವರಿಗೆ ಕಲಿಸುವುದು ಸುಲಭ, ಬಿಡದಂತೆ ನೋಡಿಕೊಳ್ಳುವುದು ಕಷ್ಟ. ಅವನ ಉಪಾಯಗಳೆಲ್ಲ ಈ ಕಷ್ಟದ ಸುತ್ತಲೇ ಹೆಣೆದುಕೊಂಡಿವೆ. ಅಳತೆ ಬರೆದಿಡುವುದು ಅವುಗಳಲ್ಲೊಂದು. ಇನ್ನೊಂದು, ಸ್ಪ್ರಿಂಗ್ ಇಟ್ಟ ಡಂಬೆಲ್. ಅದರ ಹಿಡಿ ಎರಡು ಹೋಳು; ನಡುವೆ ಸ್ಪ್ರಿಂಗ್‌ಗಳು. ಹೋಳುಗಳನ್ನು ಅದುಮಿ ಹಿಡಿದೇ ಕೈ ಆಡಿಸಬೇಕು. ಮನಸ್ಸು ಕಚೇರಿಯ ಕಡತದತ್ತ ಜಾರಿದರೆ ಹಿಡಿ ಸಡಿಲುತ್ತದೆ, ಹೋಳುಗಳು ಅಗಲುತ್ತವೆ. ಸ್ನಾಯುವಿನ ಮೇಲೆ ಮನಸ್ಸಿಡದೆ ಎತ್ತಿದ ಭಾರ ವ್ಯರ್ಥ ಎಂಬುದು ಅವನ ನಂಬಿಕೆ. ಮಾರಾಟಗಾರನ ಜಾಣತನ ಅದರಲ್ಲಿತ್ತು, ನಿಜ. ಆದರೂ ಆ ಡಂಬೆಲ್‌ನ ಹಿಂದಿನ ಯೋಚನೆ ನನಗೆ ಸುಳ್ಳೆನಿಸುವುದಿಲ್ಲ.

ಮೂರನೆಯ ಉಪಾಯ ಸ್ಪರ್ಧೆ. ತನ್ನ ಪತ್ರಿಕೆಯ ಮೂಲಕ ಊರೂರಿನ ಶಿಷ್ಯರನ್ನು ಹುರಿದುಂಬಿಸಿ, ಪ್ರಾಂತವಾರು ಆಯ್ಕೆ ನಡೆಸಿ, 1901ರ ಸೆಪ್ಟೆಂಬರ್ 14ರಂದು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಅಂತಿಮ ಸುತ್ತು ಏರ್ಪಡಿಸಿದ. ತೀರ್ಪುಗಾರರಲ್ಲಿ ಒಬ್ಬ ಶಿಲ್ಪಿ ಚಾರ್ಲ್ಸ್ ಲಾಸ್; ಇನ್ನೊಬ್ಬ, ಷರ್ಲಾಕ್ ಹೋಮ್ಸ್‌ನ ಜನಕ ಆರ್ಥರ್ ಕಾನನ್ ಡಾಯ್ಲ್! ದಪ್ಪ ತೋಳಿಗಿಂತ ಇಡೀ ದೇಹದ ಹದಕ್ಕೆ ಹೆಚ್ಚು ಬೆಲೆ. ಗೆದ್ದವನು ನಾಟಿಂಗ್‌ಹ್ಯಾಮ್‌ನ ವಿಲಿಯಂ ಮರ್ರೆ.

ಬ್ಲೂಮ್ ಮನಸ್ಸಿನಲ್ಲೇ ವ್ಯಾಯಾಮ ಶುರುಮಾಡಿದ ಅದೇ 1904ರಲ್ಲಿ ಸ್ಯಾಂಡೋ ಭಾರತಕ್ಕೂ ಬಂದ, ಮುಂದಿನ ವರ್ಷದವರೆಗೂ ಇಲ್ಲಿ ಪ್ರದರ್ಶನ ಕೊಟ್ಟ. ಅವನ ಹೆಸರು ಎಷ್ಟು ಆಳಕ್ಕೆ ಇಳಿಯಿತೆಂದರೆ ತೋಳಿಲ್ಲದ ಬನಿಯನ್‌ಗೆ ಇಲ್ಲಿ ಇಂದಿಗೂ ‘ಸ್ಯಾಂಡೋ’ ಎನ್ನುವವರಿದ್ದಾರೆ.

ಬೆಂಗಳೂರಿನಲ್ಲಿ ಆ ದಾರಿ ಹಿಡಿದವರು ಕೆ.ವಿ. ಅಯ್ಯರ್. ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದರು, 1930ರಲ್ಲಿ ಇಂಗ್ಲಿಷಿನಲ್ಲಿ ‘ಮಸಲ್ ಕಲ್ಟ್’ ಬರೆದರು. ಬಾರ್‌ಬೆಲ್ ಜೊತೆಗೆ ಸೂರ್ಯನಮಸ್ಕಾರವನ್ನೂ ಕೂಡಿಸಿದ್ದು ಅವರ ಪಾಠದ ವಿಶೇಷ. ಗರಡಿಮನೆಗೆ ಬರಲಾಗದವರಿಗೆ ಅಂಚೆಯಲ್ಲಿ ಪಾಠ ಕಳಿಸುತ್ತಿದ್ದರು. ಲಕೋಟೆ ಬಿಚ್ಚಿ, ಓದಿ, ಬಾಗಿಲು ಹಾಕಿಕೊಂಡು ಒಬ್ಬನೇ ಮಾಡಬೇಕಾದ ಆ ವ್ಯಾಯಾಮಕ್ಕೆ ಸುತ್ತಲಿನ ಹುರುಪೂ ಇಲ್ಲ, ಗದರಿಸುವ ಗುರುವೂ ಇಲ್ಲ. ಎಷ್ಟು ಲಕೋಟೆಗಳು ಬ್ಲೂಮನ ಖಾನೆಯ ಗತಿ ಕಂಡವೋ!

ಅಯ್ಯರ್ ತಾವೂ ಮೇಜಿಗೆ ಹೊರತಾಗಿರಲಿಲ್ಲ. ಹೊಯ್ಸಳ ರಾಣಿಯನ್ನು ಕುರಿತ ‘ಶಾಂತಲಾ’, ‘ರೂಪದರ್ಶಿ’, ಗೆಳೆಯ ಕೈಲಾಸಂ ನೆನಪಿನ ಪುಸ್ತಕ, ಎಲ್ಲವೂ ಕಬ್ಬಿಣ ಎತ್ತಿದ ಅದೇ ಕೈಯಿಂದ ಬಂದವು. ಕನ್ನಡ ಓದುಗರು ಅವರನ್ನು ಕಾದಂಬರಿಕಾರರೆಂದೇ ಬಲ್ಲರು. ‘ಶಾಂತಲಾ’ ಓದಿ ಮೆಚ್ಚಿದ ಎಷ್ಟೋ ಜನಕ್ಕೆ ಲೇಖಕರ ತೋಳಿನ ಅಳತೆ ಗೊತ್ತಿಲ್ಲ.