ಗೇಮ್ ಕನ್ಸೋಲ್‌ಗಳಲ್ಲಿ ಗುಣಮಟ್ಟ ನಿಯಂತ್ರಣ

ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರಕ್ಕೆ ಯಾರ ಆಟ ಬರಬಹುದು, ಅದು ಹೇಗಿರಬೇಕು ಎಂಬುದನ್ನು ಯಂತ್ರದ ತಯಾರಕರೇ ತೀರ್ಮಾನಿಸುವ ಪದ್ಧತಿ. ಮೊದಮೊದಲು ಇಂಥದ್ದೇನೂ ಇರಲಿಲ್ಲ. 1979ರಲ್ಲಿ ಗೇಮ್ ಯಂತ್ರ ತಯಾರಿಸುತ್ತಿದ್ದ ಅಟಾರಿಯನ್ನು ಬಿಟ್ಟುಬಂದ ಪ್ರೋಗ್ರಾಮರ್‌ಗಳು ಆಕ್ಟಿವಿಷನ್ ಎಂಬ ಕಂಪನಿ ಕಟ್ಟಿ, ಅಟಾರಿ ಯಂತ್ರಕ್ಕೇ ಆಟ ಮಾಡಿ ಮಾರಿದರು. ತಡೆಯಲು ಅಟಾರಿಗೆ ಆಗಲಿಲ್ಲ. ಅವರ ಆಟಗಳೇನೋ ಸೊಗಸಾಗಿದ್ದವು, ಅವರ ಹಿಂದೆ ಬಂದ ಅನೇಕರವು ಹಾಗಿರಲಿಲ್ಲ. 1983ರಲ್ಲಿ ಅಮೆರಿಕದ ಮಾರುಕಟ್ಟೆ ಕುಸಿಯಿತು. ತಪ್ಪು ಹೊರಗಿನವರದಷ್ಟೇ ಅಲ್ಲ: ಅಟಾರಿಯೇ ಅವಸರದಲ್ಲಿ ಹೊರತಂದ ‘ಇ.ಟಿ.’ ಆಟ ಬಹಳಷ್ಟು ಮಾರಾಟವಾಗದೆ ಉಳಿದು, ಅದರ ಕಾರ್ಟ್ರಿಜ್‌ಗಳನ್ನು ನ್ಯೂ ಮೆಕ್ಸಿಕೋದಲ್ಲಿ ಹೂಳಬೇಕಾಯಿತು.

1985ರಲ್ಲಿ ಅಮೆರಿಕಕ್ಕೆ ಬಂದ ನಿಂಟೆಂಡೊ ಯಂತ್ರಕ್ಕೆ ಬೀಗವಿತ್ತು. ಯಂತ್ರದಲ್ಲೊಂದು ಚಿಪ್, ಕಾರ್ಟ್ರಿಜ್‌ನಲ್ಲೊಂದು. ಎರಡರ ಸಂಕೇತ ತಾಳೆಯಾಗದಿದ್ದರೆ ಯಂತ್ರ ಮತ್ತೆಮತ್ತೆ ರೀಸೆಟ್ ಆಗಿ ಪರದೆ ಮಿಣಮಿಣ ಎನ್ನುತ್ತಿತ್ತು. ಪರವಾನಗಿ ಇದ್ದವರಿಗೂ ವರ್ಷಕ್ಕೆ ಐದೇ ಆಟ. ಆಟ ತಯಾರಿಸುವ ಕೊನಾಮಿ ಕಂಪನಿ ಈ ಮಿತಿ ದಾಟಲು ‘ಅಲ್ಟ್ರಾ ಗೇಮ್ಸ್’ ಎಂಬ ಇನ್ನೊಂದು ಹೆಸರನ್ನೇ ಹುಟ್ಟುಹಾಕಿತು. ನಿಯಂತ್ರಣ ಆಟದ ಒಳಗಿನ ದೃಶ್ಯಗಳಿಗೂ ಇತ್ತು: 1993ರಲ್ಲಿ ‘ಮಾರ್ಟಲ್ ಕಾಂಬ್ಯಾಟ್’ ಆಟದ ರಕ್ತ ನಿಂಟೆಂಡೊ ಆವೃತ್ತಿಯಲ್ಲಿ ಬೆವರಾಯಿತು. ಗುಣಮಟ್ಟದ ಹೆಸರಿನಲ್ಲಿ ವ್ಯಾಪಾರದ ಹಿಡಿತ ಎಂಬ ದೂರು ಸುಳ್ಳಲ್ಲ. ಆದರೂ ಗ್ರಾಹಕರ ನಂಬಿಕೆ ಮರಳಲು ಈ ನಿಯಂತ್ರಣವೂ ಕಾರಣವಾಯಿತು.

ಇದೇ ನಿಂಟೆಂಡೊ ಯಂತ್ರದ ಜಪಾನಿ ರೂಪವಾದ ಫ್ಯಾಮಿಕಾಮ್‌ಗೆ ಈ ಬೀಗವಿರಲಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ‘ವಿಡಿಯೋ ಗೇಮ್’ ಎಂದು ಮಾರಾಟವಾದದ್ದು ಬಹುಪಾಲು ಅದರ ನಕಲುಗಳೇ. ‘ಕ್ಯಾಸೆಟ್’ ಎನ್ನುತ್ತಿದ್ದ ಕಾರ್ಟ್ರಿಜ್ ಮೇಲೆ ಸಾವಿರಾರು ಆಟಗಳೆಂದು ಬರೆದಿದ್ದರೂ ಒಳಗಿದ್ದ ಕೆಲವೇ ಆಟಗಳು ಬೇರೆಬೇರೆ ಹೆಸರಲ್ಲಿ ಮರುಕಳಿಸುತ್ತಿದ್ದವು. ಅವುಗಳನ್ನು ಆಡಿದ ಮಕ್ಕಳ ಪರವಾಗಿ ಪರೀಕ್ಷಿಸುವವರು ಯಾರೂ ಇರಲಿಲ್ಲ.

ಸೋನಿಯ ಪ್ಲೇಸ್ಟೇಷನ್ (1994) ಅಗ್ಗದ ಸಿ.ಡಿ. ತಂದಿತು. ಆಟಗಳ ಸಂಖ್ಯೆ ಹೆಚ್ಚಿದಂತೆ ಪರೀಕ್ಷೆಯ ಒತ್ತು ತಾಂತ್ರಿಕ ವಿಷಯಗಳತ್ತ ಸರಿಯಿತು: ಆಡುವಾಗ ಕಂಟ್ರೋಲರ್ ವಯರ್ ಕಿತ್ತರೆ ಆಟ ನಿಲ್ಲುತ್ತದೆಯೇ, ಸೇವ್ ಆಗುವಾಗ ಎಚ್ಚರಿಕೆ ಕಾಣುತ್ತದೆಯೇ. ಈ ಪರೀಕ್ಷೆಗೆ ಸಿಗದ ಪ್ರಶ್ನೆಗಳೂ ಇದ್ದವು. 2009ರಲ್ಲಿ ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ‘ಹನುಮಾನ್: ಬಾಯ್ ವಾರಿಯರ್’ ಅನ್ನು ಪ್ಲೇಸ್ಟೇಷನ್ 2ಕ್ಕೆ ತಂದಿತು. ‘ಹನುಮಾನ್’ಗೆ ಎದ್ದ ವಿರೋಧ ದೇವರನ್ನು ಆಟಗಾರರ ಕೈಗೊಂಬೆ ಮಾಡಿದ್ದಕ್ಕೆ, ಅಂಥ ಆಕ್ಷೇಪವನ್ನು ಅಳೆಯಲು ತಾಂತ್ರಿಕ ಪರೀಕ್ಷೆಗಳ ಪಟ್ಟಿಯಲ್ಲಿ ಜಾಗವಿಲ್ಲ.

ಇಂಟರ್ನೆಟ್ ಬಂದ ನಂತರ, ಆಟವನ್ನು ಮಾರಿದ ಮೇಲೂ ರಿಪೇರಿ ಮಾಡಬಹುದೆಂಬ ಧೈರ್ಯ ಬೆಳೆಯಿತು. 2020ರ ಡಿಸೆಂಬರ್‌ನಲ್ಲಿ ‘ಸೈಬರ್‌ಪಂಕ್ 2077’ ದೋಷಗಳೊಂದಿಗೇ ಬಿಡುಗಡೆಯಾಗಿ, ಸೋನಿ ಅದನ್ನು ತನ್ನ ಸ್ಟೋರ್‌ನಿಂದ ತೆಗೆದು ಹಣ ವಾಪಸ್ ಕೊಟ್ಟಿತು. 2021ರ ಜೂನ್‌ನಲ್ಲಿ ಆಟ ಮತ್ತೆ ಸ್ಟೋರ್‌ಗೆ ಬಂತು.