ಭಟರು ಬಾರದ ಊರು

ಶಿಕಾರಿಪುರ ತಾಲ್ಲೂಕಿನ ತೊಗರ್ಸಿಯ ಜಗುಲಿಯೊಂದರಲ್ಲಿ ಎದ್ದ ಪ್ರಶ್ನೆ ಅದು: “ಸರ್ಕಾರದೋರು ಬಂದು ಮನೆ ಹುಡುಕ್ತೀವಿ ಅಂದ್ರೆ ಬಿಡ್ಲೇಬೇಕೇನ್ರೀ?” ಥಟ್ಟನೆ ಉತ್ತರ ಹೊಳೆಯಲಿಲ್ಲ. ತೀರ್ಪುಗಳ ಬೆನ್ನು ಹತ್ತಿದೆ.

ಮೊದಲು ಸಿಕ್ಕಿದ್ದು 2017ರ ಆಗಸ್ಟ್ 24ರ ತೀರ್ಪು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಪ್ರಶ್ನಿಸಿ ಹಾಕಿದ್ದ ಅರ್ಜಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಒಂಬತ್ತು ಜನ ಏಕೆ ಕೂರಬೇಕಾಯಿತು? ಎಂಟು ಜನರ ಹಳೆಯ ತೀರ್ಪೊಂದು ದಾರಿಗೆ ಅಡ್ಡವಿತ್ತು.

ಅದು 1954ರ ಎಂ.ಪಿ. ಶರ್ಮಾ ಪ್ರಕರಣ. ದಾಲ್ಮಿಯಾ ಸಮೂಹಕ್ಕೆ ಸೇರಿದ 34 ಕಡೆ ಶೋಧ ನಡೆದು ರಾಶಿ ಕಾಗದಪತ್ರ ಜಪ್ತಿಯಾಗಿತ್ತು. ಆಸ್ತಿಯ ಹಕ್ಕಿಗೆ ಧಕ್ಕೆಯಾಯಿತು ಎಂದರು ಅರ್ಜಿದಾರರು. ಕೋರ್ಟು ಒಪ್ಪಲಿಲ್ಲ. ಶೋಧದಿಂದಾಗುವುದು ತಾತ್ಕಾಲಿಕ ಅಡಚಣೆ, ಅಮೆರಿಕದ ನಾಲ್ಕನೇ ತಿದ್ದುಪಡಿಯಂಥ ಖಾಸಗಿತನದ ರಕ್ಷಣೆ ನಮ್ಮ ಸಂವಿಧಾನದಲ್ಲಿಲ್ಲ ಎಂದಿತು.

ನಡುವೆ, 2004ರಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ಪ್ರಕರಣ. ಕಲೆಕ್ಟರ್ ಅಧಿಕಾರ ಕೊಟ್ಟ ಯಾರು ಬೇಕಾದರೂ ಮುದ್ರಾಂಕ ಶುಲ್ಕದ ನೆಪದಲ್ಲಿ ಒಳಹೊಕ್ಕು ದಾಖಲೆ ಒಯ್ಯಬಹುದೆಂದು ಆಂಧ್ರಪ್ರದೇಶ ಕಾನೂನು ತಿದ್ದಿತ್ತು. ಸುಪ್ರೀಂ ಕೋರ್ಟಿನಲ್ಲಿ ಅದು ನಿಲ್ಲಲಿಲ್ಲ. ಕಾಗದ ಬ್ಯಾಂಕಿನ ಕಪಾಟು ಸೇರಿದರೂ ಗ್ರಾಹಕನ ಖಾಸಗಿತನ ಅದರ ಜೊತೆಗೇ ಹೋಗುತ್ತದೆ ಎಂಬುದು ಅದರ ತಿರುಳು.

ಹುಡುಕಾಟ ಇಲ್ಲಿಗೆ ಮುಗಿಯಬೇಕಿತ್ತು. ಬೇರೇನಕ್ಕೋ ಬಿ.ಎಲ್. ರೈಸರ ಶಾಸನಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೇ ಸಂಪುಟ ತೆರೆದೆ. ಶಿಕಾರಿಪುರ ತಾಲ್ಲೂಕಿನ ಪುಟಗಳಲ್ಲಿ ಮಳವಳ್ಳಿಯ ಕಂಬ ಎದುರಾಯಿತು. ಮಂಡ್ಯದ್ದಲ್ಲ, ನಮ್ಮ ಸೀಮೆಯ ಮಳವಳ್ಳಿ. ಪ್ರಾಕೃತದ ಬರಹ. ಅದರಲ್ಲೊಂದು ಪದ: ‘ಅಭಟಪ್ಪವೇಸ’. ಬಿಡಿಸಿ ಓದಿದರೆ ಕನ್ನಡದವರಿಗೆ ನಿಘಂಟು ಬೇಡ: ಭಟರ ಪ್ರವೇಶವಿಲ್ಲ. ದತ್ತಿ ಬಿಟ್ಟ ಊರಿಗೆ ರಾಜನ ಆಳುಗಳು ಕಾಲಿಡಕೂಡದು.

ಜಗುಲಿಯ ಪ್ರಶ್ನೆಗೆ ಉತ್ತರ ಊರ ಪಕ್ಕದಲ್ಲೇ ಇತ್ತಲ್ಲ ಎಂದು ಹಿಗ್ಗಿದೆ. ಆದರೆ ಅದೇ ಕಂಬದಲ್ಲಿ ಎರಡನೆಯ ಶಾಸನವಿದೆ. ಮೊದಲನೆಯದು ಚುಟು ವಂಶದ ದೊರೆಯದು, ಎರಡನೆಯದು ಕದಂಬರದು. ಹಿಂದೆ ಕೊಟ್ಟ ದತ್ತಿ ಕೈಬಿಟ್ಟುಹೋಗಿತ್ತು, ಈಗ ಮತ್ತೆ ಕೊಟ್ಟಿದ್ದೇವೆ ಎನ್ನುತ್ತದೆ ಅದು.

ದೊರೆ ಕೊಟ್ಟಿದ್ದು ಉಂಬಳಿ; ಬಿಟ್ಟುಹೋದರೆ ಇನ್ನೊಬ್ಬ ದೊರೆ ಮತ್ತೆ ಕೆತ್ತಿಸಬೇಕು. ಹಕ್ಕು ಹಾಗಲ್ಲ ಅಂದುಕೊಂಡಿದ್ದೆ. 1954ರಲ್ಲಿ ಇಲ್ಲವೆನಿಸಿಕೊಂಡದ್ದು ಇದೆ ಅನ್ನಿಸಿಕೊಳ್ಳಲು 63 ವರ್ಷ ಹಿಡಿಯಿತು. ವಾರಂಟು ಹಿಡಿದು ಬಂದವರಿಗೆ ಇಂದೂ ಬಾಗಿಲು ತೆಗೆಯಬೇಕು. ಬದಲಾದದ್ದು ಇಷ್ಟೇ: ಏಕೆ ಬಂದಿರಿ, ಯಾವ ಕಾನೂನಿನಡಿ ಬಂದಿರಿ ಎಂದು ಜಗುಲಿಯವನು ಕೇಳಿದರೆ, ಕೃಪೆ ಬೇಡುತ್ತಿದ್ದಾನೆ ಎಂದು ಯಾರೂ ಹೇಳುವಂತಿಲ್ಲ.